ಜ್ಯೂರಿಯಲ್ಲಿದ್ದ ನನ್ನನ್ನು ಯಾರೂ ಕೇಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬರ ಪತ್ರ ಓದಿದೆ. ಡ್ರಗ್ಸ್ ಕೇಸಿನಲ್ಲಿ ಒಮ್ಮೆ ಶಿಕ್ಷೆಯಾದ ಮೇಲೆ ಮೇಲ್ಮನವಿಗೆ ಅವಕಾಶವೇ ಇರಬಾರದು ಎಂದು ಅವರ ವಾದ. ಅದಕ್ಕೆ ಅಮೆರಿಕದ ಉದಾಹರಣೆ ಬೇರೆ. 'ಅಲ್ಲಿ ಸರ್ಕಾರಿ ವಕೀಲರು ಕೊನೆಯಲ್ಲಿ ಒಂದು ಮಾತು ಜಾಸ್ತಿ ಆಡಿದರು ಅಂತ ಕೂಡ ಅಪೀಲು ಹಾಕುತ್ತಾರಂತೆ. ಮಾಲು ಸಿಕ್ಕಿದೆ, ಆಸಾಮಿ ಸಿಕ್ಕಿದ್ದಾನೆ, ಮಾತಿಗೇನು?' ಎಂದು ಕೇಳಿದ್ದರು.

ಆ ಕೊನೆಯ ಮಾತು ಕೇಳಿಸಿಕೊಂಡು ಒಬ್ಬ ಹುಡುಗನನ್ನು ಜೈಲಿಗೆ ಕಳಿಸಿದ 12 ಜನರ ಜ್ಯೂರಿಯಲ್ಲಿ ನಾನೂ ಒಬ್ಬಳು. ಜ್ಯೂರಿ ಅಂದರೆ ಕೇಸು ಕೇಳಿ, ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ನಮ್ಮಂಥ ಸಾಮಾನ್ಯ ಜನ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ. ಕತ್ತರಿಸುವುದಾದರೆ ನನ್ನ ಸಂಸಾರದ ವಿಷಯ ಕತ್ತರಿಸಿ. ನಮ್ಮ ಅಪ್ಪನ ವಿಷಯ ಮಾತ್ರ ಬಿಡಬೇಡಿ. ಅವರಿಲ್ಲದೆ ಈ ಕಥೆ ಅರ್ಥವಾಗುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಒಂದು ಊರಿನ ಪೊಲೀಸ್ ಕ್ವಾರ್ಟರ್ಸಿನಲ್ಲಿ. ಅಪ್ಪ ಹೆಡ್ ಕಾನ್‌ಸ್ಟೇಬಲ್. ಮದುವೆಯಾಗಿ ನ್ಯೂ ಜೆರ್ಸಿಗೆ ಬಂದು 30 ವರ್ಷದ ಹತ್ತಿರ ಆಯಿತು. ಇಲ್ಲಿ ಒಂದು ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೆಲಸ. ಚೀಟಿ ನೋಡಿ ಮಾತ್ರೆಗಳನ್ನು ಐದೈದಾಗಿ ಎಣಿಸಿ ಬಾಟಲಿಗೆ ತುಂಬುವುದು. ಪೌರತ್ವ ತೆಗೆದುಕೊಂಡು ಎರಡು ವರ್ಷವೂ ಆಗಿರಲಿಲ್ಲ, ಜ್ಯೂರಿಗೆ ಬನ್ನಿ ಎಂದು ಟಪಾಲು ಬಂತು. ನಮ್ಮ ಯಜಮಾನರು 'ಇಂಗ್ಲಿಷ್ ಸರಿಯಾಗಿ ಬರೋದಿಲ್ಲ ಅಂದುಬಿಡು, ಮನೆಗೆ ಕಳಿಸ್ತಾರೆ' ಎಂದರು. ದಿನವಿಡೀ ಡಾಕ್ಟರರ ಕೈಬರಹ ಓದುವವಳು ನಾನು. ಹಾಗೆ ಹೇಳಲು ನಾಚಿಕೆಯಾಯಿತು. ಹೋದೆ.

ಆಗ ಜ್ಯೂರಿಯವರಿಗೆ ಮೊದಲ 3 ದಿನ ದಿನಕ್ಕೆ 5 ಡಾಲರ್, ನಾಲ್ಕನೇ ದಿನದಿಂದ 40. ಕೋರ್ಟಿನ ಎದುರು ಒಂದು ಸ್ಯಾಂಡ್‌ವಿಚ್ಚಿಗೇ 8 ಡಾಲರ್. ನಾನು ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗುತ್ತಿದ್ದೆ.

ಯಾವ ಊರಿನ ಕೋರ್ಟು, ಯಾವ ವರ್ಷ, ಯಾರ ಕೇಸು ಅಂತ ಬರೆಯುವುದಿಲ್ಲ. ಆ ಹುಡುಗನಿಗೆ ಈಗ ಅವನದೇ ಬದುಕು ಇರಬಹುದು.

ಜ್ಯೂರಿಗೆ ಆರಿಸುವ ಮುಂಚೆ ನ್ಯಾಯಾಧೀಶರು ಒಬ್ಬೊಬ್ಬರನ್ನೂ ಪ್ರಶ್ನೆ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಪೊಲೀಸರು ಇದ್ದಾರಾ? ಇದ್ದರು, ಇಂಡಿಯಾದಲ್ಲಿ, ನಮ್ಮ ಅಪ್ಪ ಎಂದೆ. ಪೊಲೀಸ್ ಎಂಬ ಒಂದೇ ಕಾರಣಕ್ಕೆ ಒಬ್ಬ ಸಾಕ್ಷಿಯ ಮಾತನ್ನು ಬೇರೆಯವರಿಗಿಂತ ಜಾಸ್ತಿ ನಂಬುತ್ತೀರಾ? ಇಲ್ಲ ಎಂದೆ. ಸುಳ್ಳು ಹೇಳಲಿಲ್ಲ. ನಾನು ಹಾಗೇ ಇದ್ದೇನೆ ಅಂತ ನಂಬಿದ್ದೆ. ಎರಡೂ ಕಡೆಯ ವಕೀಲರು ತಲೆಯಾಡಿಸಿದರು. 14 ಜನರನ್ನು ಕೂರಿಸಿದರು.

ಕೇಸು ಸಣ್ಣದು. ರಾತ್ರಿ ಹೊತ್ತು ಹಿಂದಿನ ಲೈಟು ಉರಿಯದ ಕಾರೊಂದನ್ನು ಪೊಲೀಸರು ನಿಲ್ಲಿಸಿದ್ದಾರೆ. ಒಳಗೆ ಇಬ್ಬರು. ಪಕ್ಕದ ಸೀಟಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಹೆರಾಯಿನ್. ಇಲ್ಲಿ ಅದನ್ನು ನುಣುಪು ಕಾಗದದ ಪುಟಾಣಿ ಪೊಟ್ಟಣ ಮಾಡಿ ಮಾರುತ್ತಾರೆ. 10 ಪೊಟ್ಟಣಕ್ಕೆ ಒಂದು ಬಂಡಲ್, 5 ಬಂಡಲ್‌ಗೆ ಒಂದು 'ಬ್ರಿಕ್'. ಚೀಲದಲ್ಲಿ ಎರಡು ಬ್ರಿಕ್ ಇತ್ತು. ಸರ್ಕಾರಿ ವಕೀಲರು ಅದನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ನನ್ನ ಕಣ್ಣು ತಾನಾಗೇ ಐದೈದು ಎಣಿಸಿತು. 100.

ಕಾರು ಓಡಿಸುತ್ತಿದ್ದವನು ಮೊದಲೇ ತಪ್ಪೊಪ್ಪಿಕೊಂಡು ಹೋಗಿದ್ದ. ಕಟಕಟೆಯಲ್ಲಿದ್ದವನು ಪಕ್ಕದ ಸೀಟಿನವನು. ಕಟಕಟೆ ಅಂದೆ, ಇಲ್ಲಿ ಕಟಕಟೆ ಇಲ್ಲ. ಕೋಟು ಹಾಕಿಸಿ ವಕೀಲರ ಪಕ್ಕ ಕೂರಿಸಿರುತ್ತಾರೆ. ಕೆಲಸ ಮುಗಿಸಿ ಮನೆಗೆ ಹೊರಟಿದ್ದೆ, ಪರಿಚಯದವನು ಹತ್ತು ಅಂದ, ಹತ್ತಿದೆ, ಸೀಟಿನ ಕೆಳಗೆ ಏನಿತ್ತೋ ಗೊತ್ತಿಲ್ಲ ಅನ್ನುವುದು ಅವನ ವಾದ. ಜೇಬಿನಲ್ಲಿ 23 ಡಾಲರ್ ಸಿಕ್ಕಿತ್ತು.

ಅವನಿಗೆ ಗೊತ್ತಿತ್ತಾ ಇಲ್ಲವಾ? ಇಡೀ ಕೇಸು ಅಷ್ಟೇ. ಅದಕ್ಕೆ ಇದ್ದದ್ದು ಒಬ್ಬ ಪೊಲೀಸ್ ಅಧಿಕಾರಿಯ ಮಾತು. 'ನಾನು ಹತ್ತಿರ ಹೋಗುವಾಗ ಇವನು ಬಗ್ಗಿ ಏನೋ ಸೀಟಿನ ಕೆಳಗೆ ತಳ್ಳಿದ್ದನ್ನು ಕಂಡೆ' ಎಂದು ಅವರು ಕೋರ್ಟಿನಲ್ಲಿ ಹೇಳಿದರು. ಜೊತೆಗಿದ್ದ ಇನ್ನೊಬ್ಬ ಅಧಿಕಾರಿ ಕಾರಿನ ಆ ಕಡೆ ಇದ್ದುದರಿಂದ ಅದನ್ನು ನೋಡಿರಲಿಲ್ಲ. ಪೊಲೀಸ್ ಗಾಡಿಯ ಕ್ಯಾಮೆರಾದಲ್ಲಿ ಕಂಡದ್ದು ಕಾರಿನ ಬೆನ್ನು ಮಾತ್ರ. ಹುಡುಗನ ವಕೀಲರು ಆ ರಾತ್ರಿಯೇ ಬರೆದ ವರದಿಯನ್ನು ಅಧಿಕಾರಿಯ ಕೈಗೆ ಕೊಟ್ಟರು. ಬಗ್ಗಿದ್ದು ಎಲ್ಲಿ ಬರೆದಿದ್ದೀರಿ, ತೋರಿಸಿ ಎಂದರು. ಅವರು ಓದಿದರು. ತಿರುಗಿಸಿ ಓದಿದರು. ಅದು ಅದರಲ್ಲಿ ಇರಲಿಲ್ಲ.

ನನ್ನ ಮನಸ್ಸಿನಲ್ಲಿ ಆ ಕ್ಷಣ ಗಟ್ಟಿಯಾಗಿ ಕೂತಿತು. ಮಾತ್ರೆ ಕೊಟ್ಟದ್ದನ್ನು ಆಗಲೇ ಬರೆಯದಿದ್ದರೆ ನಮ್ಮಲ್ಲಿ ಕೆಲಸ ಹೋಗುತ್ತದೆ. ಅಷ್ಟು ದೊಡ್ಡ ವಿಷಯ ಹೇಗೆ ಬಿಟ್ಟುಹೋಗುತ್ತದೆ ಅಂದುಕೊಂಡೆ.

ಆಮೇಲೆ ಕೊನೆಯ ವಾದ. ಇದರ ಕ್ರಮವನ್ನು ನಿಮ್ಮ ಓದುಗರು ತಿಳಿಯಬೇಕು. ನಮ್ಮ ಸೆಷನ್ಸ್ ಕೋರ್ಟುಗಳಲ್ಲಿ ಸರ್ಕಾರಿ ವಕೀಲರು ಮೊದಲು ತಮ್ಮ ವಾದ ಮುಗಿಸುತ್ತಾರೆ, ಆಮೇಲೆ ಆರೋಪಿಯ ವಕೀಲರು ಉತ್ತರ ಕೊಡುತ್ತಾರೆ. ನ್ಯೂ ಜೆರ್ಸಿಯಲ್ಲಿ ತಿರುಗಾಮುರುಗಾ. ಮೊದಲು ಆರೋಪಿಯ ವಕೀಲರು, ಕೊನೆಗೆ ಸರ್ಕಾರದವರು. ಜ್ಯೂರಿಯ ಕಿವಿಯಲ್ಲಿ ಉಳಿಯುವ ಕೊನೆಯ ದನಿ ಸರ್ಕಾರದ್ದು. ಆರೋಪ ರುಜುವಾತು ಮಾಡುವ ಭಾರ ಅವರ ಮೇಲಿದೆ, ಅದಕ್ಕೇ ಕೊನೆಯ ಮಾತು ಅವರಿಗೆ ಎಂದು ಕಾರಣ ಕೊಡುತ್ತಾರೆ. ಇರಲಿ.

ಹುಡುಗನ ವಕೀಲರಿಗೆ ಆವತ್ತು ಕೆಮ್ಮು. ಸರ್ಕಾರವೇ ಕೊಟ್ಟ ವಕೀಲರು, ತಲೆಗೆ ಎಷ್ಟು ಕೇಸೋ ಏನೋ. ನೀರು ಕುಡಿಯುತ್ತಾ 20 ನಿಮಿಷ ಆ ವರದಿಯ ಬಗ್ಗೆಯೇ ಮಾತಾಡಿ ಕೂತರು.

ಸರ್ಕಾರಿ ವಕೀಲರು ಕೂಗಾಡುವವರಲ್ಲ. ನಮ್ಮ ಸಿನಿಮಾಗಳ ಹಾಗೆ ಮೇಜು ಗುದ್ದಲಿಲ್ಲ. ಜ್ಯೂರಿ ಕೂರುವ ಕಟ್ಟೆಯ ಹತ್ತಿರ ಬಂದು, ಮನೆಯವರ ಹತ್ತಿರ ಮಾತಾಡಿದ ಹಾಗೆ ಮಾತಾಡಿದರು. ಈ ಅಧಿಕಾರಿಗೆ 14 ವರ್ಷ ಸರ್ವಿಸ್. ಮನೆ ಇದೆ, ಮಕ್ಕಳಿದ್ದಾರೆ, ಮುಂದೆ ಪೆನ್ಷನ್ ಇದೆ. ಎರಡು ಬ್ರಿಕ್ ಹೆರಾಯಿನ್‌ಗೋಸ್ಕರ ಅದನ್ನೆಲ್ಲ ಪಣಕ್ಕಿಟ್ಟು ನಿಮ್ಮ ಮುಂದೆ ಸುಳ್ಳು ಹೇಳುತ್ತಾರಾ? ಆಮೇಲೆ ಆ ಪೊಟ್ಟಣಗಳ ಕಡೆ ಕೈ ತೋರಿಸಿದರು. ಇವು ಎಲ್ಲಿಗೆ ಹೊರಟಿದ್ದವು? ನಿಮ್ಮ ಮಕ್ಕಳು ನಡೆದಾಡುವ ಬೀದಿಗೆ. ಇದು ನಮ್ಮಲ್ಲಿ ನಡೆಯುವುದಿಲ್ಲ ಅಂತ ನೀವು ಇವತ್ತು ಹೇಳಬಹುದು.

ಇಷ್ಟೇ. ಹುಡುಗನ ವಕೀಲರು ಆಕ್ಷೇಪಣೆ ಎತ್ತಲಿಲ್ಲ. ನ್ಯಾಯಾಧೀಶರೂ ತಡೆಯಲಿಲ್ಲ. ಪೆನ್ಷನ್ನಿನ ಬಗ್ಗೆ ಯಾವ ಸಾಕ್ಷಿಯೂ ಬಾಯಿ ಬಿಟ್ಟಿರಲಿಲ್ಲ. ಅದು ಆಗ ನನಗೆ ಹೊಳೆಯಲೂ ಇಲ್ಲ.

ಪೆನ್ಷನ್ ಅನ್ನುವ ಪದ ನಮ್ಮ ಮನೆಯಲ್ಲಿ ಹೇಗಿತ್ತು ಅಂತ ಹೇಳಬೇಕು. ದೇವರ ಕೋಣೆಯಲ್ಲಿ ದೀಪ ಇದ್ದ ಹಾಗೆ ಇತ್ತು. ಅಪ್ಪ ಯಾರ ಜೊತೆಗೂ ಜಗಳ ಆಡದಿದ್ದರೆ, ಪೆನ್ಷನ್. ಅಡಿಕೆ ವ್ಯಾಪಾರಿ ದೀಪಾವಳಿಗೆ ಬುಟ್ಟಿ ಕಳಿಸಿದ್ದನ್ನು ವಾಪಸ್ ಕಳಿಸಿದರೆ, ಪೆನ್ಷನ್. 'ಇಷ್ಟು ವರ್ಷ ಮಳೆಯಲ್ಲಿ ನೆನೆದದ್ದು ಸುಮ್ನೆ ಅಲ್ಲ ಕಣಮ್ಮಾ' ಅನ್ನುತ್ತಿದ್ದರು. ಆ ವಕೀಲರು ಆ ಪದ ಆಡಿದಾಗ ನನಗೆ ಎದುರಿಗಿದ್ದ ಅಧಿಕಾರಿ ಕಾಣಲಿಲ್ಲ. ಗೋಡೆಯ ಮೊಳೆಗೆ ತೂಗುಹಾಕಿದ್ದ ಖಾಕಿ ಅಂಗಿ ಕಂಡಿತು. ಮಳೆಗಾಲದಲ್ಲಿ ಒಣಗದೆ ಬೂಷ್ಟು ವಾಸನೆ ಬರುತ್ತಿದ್ದ ಅಂಗಿ.

ನ್ಯಾಯಾಧೀಶರು ಆಮೇಲೆ ಸುಮಾರು ಒಂದು ಗಂಟೆ ಕಾನೂನು ಓದಿ ಹೇಳಿದರು. ವಕೀಲರ ಮಾತು ಸಾಕ್ಷ್ಯ ಅಲ್ಲ ಎಂದೂ ಹೇಳಿದರು. ಕೇಳಿಸಿಕೊಂಡೆ. ವಿಮಾನದಲ್ಲಿ ಬೆಲ್ಟು ಹಾಕುವುದನ್ನು ತೋರಿಸುವಾಗ ಕೇಳಿಸಿಕೊಳ್ಳುತ್ತೇವಲ್ಲ, ಹಾಗೆ.

ಅದಾದ ಮೇಲೆ ಇಲ್ಲಿ ಒಂದು ವಿಚಿತ್ರ ಇದೆ. 14 ಜನರಲ್ಲಿ ಯಾರು ಹೆಚ್ಚುವರಿ ಅಂತ ಕೊನೆಯವರೆಗೂ ಗೊತ್ತಿರುವುದಿಲ್ಲ. ಎಲ್ಲರ ಹೆಸರಿನ ಚೀಟಿ ಹಾಕಿ ಇಬ್ಬರ ಹೆಸರು ಎತ್ತುತ್ತಾರೆ. ಎತ್ತಿದವರು ತೀರ್ಮಾನಕ್ಕೆ ಕೂರುವಂತಿಲ್ಲ. ನನ್ನ ಹೆಸರು ಬರಲಿ ಅಂತ ಬೇಡಿಕೊಂಡೆ. ಬರಲಿಲ್ಲ. ಬಂದಿದ್ದರೂ ಆ ಗುಮಾಸ್ತರಿಗೆ ಅದನ್ನು ಓದಲು ಆಗುತ್ತಿರಲಿಲ್ಲ, ಆ ಮಾತು ಬೇರೆ.

ಜ್ಯೂರಿ ಕೋಣೆಯಲ್ಲಿ ಮೊದಲ ಮತ: 9 ಜನ ತಪ್ಪಿತಸ್ಥ, 3 ಜನ ಅಲ್ಲ. ಆ ಮೂವರಲ್ಲಿ ನಾನೂ ಇದ್ದೆ. ಇನ್ನೊಬ್ಬಾಕೆ ಶಾಲೆ ಬಸ್ಸು ಓಡಿಸಿ ನಿವೃತ್ತಿಯಾದವರು. ಅವರು ಬೇರೇನೂ ಹೇಳುತ್ತಿರಲಿಲ್ಲ. ವರದಿಯಲ್ಲಿ ಅದು ಯಾಕಿಲ್ಲ? ವರದಿಯಲ್ಲಿ ಅದು ಯಾಕಿಲ್ಲ? ಅಷ್ಟೇ.

ಮುಖಂಡರಾಗಿದ್ದವರು 'ಆದರೆ ಅವರು ಸುಳ್ಳು ಯಾಕೆ ಹೇಳಬೇಕು? 14 ವರ್ಷ, ಪೆನ್ಷನ್' ಎಂದರು. ಕೋಣೆ ಸುಮ್ಮನಾಯಿತು. ಆಗ ನಾನು ಬಾಯಿ ತೆರೆದೆ. ಯಾರೂ ಕೇಳಿರಲಿಲ್ಲ. ನಮ್ಮ ಅಪ್ಪ ಪೊಲೀಸ್ ಆಗಿದ್ದರು, ನಮ್ಮ ಮನೆಯಲ್ಲಿ ಪೆನ್ಷನ್ ಅಂದರೆ ಏನು ಅಂತ ನನಗೆ ಗೊತ್ತು, ಸಣ್ಣ ಕೇಸಿಗೆಲ್ಲ ಅದನ್ನು ಯಾರೂ ಕಳೆದುಕೊಳ್ಳುವುದಿಲ್ಲ ಎಂದೆ. ಬುಟ್ಟಿ ವಾಪಸ್ ಕಳಿಸಿದ ಕಥೆಯನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನೇ ನಂಬಿದೆ. ಬಸ್ಸಿನಾಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಎರಡನೇ ಮತಕ್ಕೆ ಮೂವರು ಇದ್ದದ್ದು ಒಬ್ಬರಾದರು. ಸಂಜೆ ನಾಲ್ಕೂವರೆಗೆ ಆ ಒಬ್ಬರೂ ಇರಲಿಲ್ಲ.

ಹೊರಗೆ ಬಂದು ಒಬ್ಬೊಬ್ಬರೂ ಎದ್ದು ನಿಂತು ಹೌದು, ಇದು ನನ್ನ ತೀರ್ಪು ಎಂದು ಹೇಳಿದೆವು. ಹುಡುಗ ನಮ್ಮನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ನೀರಿನ ಜಗ್ಗನ್ನು ನೋಡುತ್ತಿದ್ದ.

ಎರಡು ವರ್ಷದ ಮೇಲೆ ಒಂದು ರಾತ್ರಿ, ಯಾಕೋ ನೆನಪಾಗಿ, ಮೇಲಿನ ಕೋರ್ಟಿನ ತೀರ್ಪುಗಳಲ್ಲಿ ಹುಡುಕಿದೆ. ಇಲ್ಲಿ ಶಿಕ್ಷೆಯಾದ ಮೇಲೆ ಮೇಲ್ಮನವಿಗೆ 45 ದಿನ ಗಡುವು. ಅವನು ಹಾಕಿದ್ದ. ತೀರ್ಪು ಬಂದಿತ್ತು. ಅಡುಗೆಮನೆಯ ಮೇಜಿನ ಮೇಲೆ ಫೋನು ಇಟ್ಟುಕೊಂಡು ಓದಿದೆ. ಆ ವಕೀಲರ ಮಾತುಗಳನ್ನು ಉದ್ಧರಣ ಚಿಹ್ನೆ ಹಾಕಿ ಹಾಗೇ ಇಳಿಸಿದ್ದರು. ನನ್ನ ತಲೆಯಲ್ಲಿದ್ದದ್ದೇ, ಅಕ್ಷರಕ್ಕೆ ಅಕ್ಷರ. ಪೆನ್ಷನ್. ನಿಮ್ಮ ಮಕ್ಕಳು ನಡೆದಾಡುವ ಬೀದಿ.

ಎರಡೂ ತಪ್ಪು ಎಂದಿದ್ದರು ಮೂವರು ನ್ಯಾಯಾಧೀಶರು. ಅದಕ್ಕೆ 1999ರ 'ಸ್ಟೇಟ್ ವರ್ಸಸ್ ಫ್ರಾಸ್ಟ್' ತೀರ್ಪಿನ ಆಧಾರ ಕೊಟ್ಟಿದ್ದರು. ಅದೂ ಡ್ರಗ್ಸ್ ಕೇಸೇ. ಪೊಲೀಸರಿಗೆ ಸುಳ್ಳು ಹೇಳುವ ಕಾರಣವಿಲ್ಲ ಎಂಬ ಧಾಟಿಯಲ್ಲಿ ಸರ್ಕಾರಿ ವಕೀಲರು ಜ್ಯೂರಿಯ ಮುಂದೆ ಅವರ ಪರ ಜಾಮೀನು ನಿಂತ ಹಾಗೆ ಮಾತಾಡಿದ್ದರು, ಎದುರು ವಕೀಲರನ್ನು ಹೀಯಾಳಿಸಿದ್ದರು. ನ್ಯೂ ಜೆರ್ಸಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನೇ ರದ್ದು ಮಾಡಿತ್ತು. ಇದನ್ನು ಓದುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇವನೂ ಗೆದ್ದ ಅಂದುಕೊಂಡೆ.

ಮುಂದಿನ ಪುಟದಲ್ಲಿ 'ಆದರೆ' ಇತ್ತು. ಇಂಥ ಮಾತು ಬಂದಾಗ ಕೋರ್ಟು ಮೂರು ಸಂಗತಿ ನೋಡುತ್ತದೆ. ಎದುರು ವಕೀಲರು ಆಗಲೇ ಆಕ್ಷೇಪಿಸಿದರಾ? ಆಡಿದವರು ಮಾತನ್ನು ಹಿಂದಕ್ಕೆ ತೆಗೆದುಕೊಂಡರಾ? ಅದನ್ನು ಮರೆತುಬಿಡಿ ಅಂತ ನ್ಯಾಯಾಧೀಶರು ಜ್ಯೂರಿಗೆ ಹೇಳಿದರಾ? ನಮ್ಮ ಕೇಸಿನಲ್ಲಿ ಆಕ್ಷೇಪಣೆಯೇ ಇರಲಿಲ್ಲ. ಆಕ್ಷೇಪಿಸದಿದ್ದರೆ ಅಳೆಯುವ ಕೋಲೇ ಬದಲಾಗುತ್ತದೆ. ಆ ಮಾತಿನಿಂದ ಅನ್ಯಾಯದ ತೀರ್ಪು ಬರುವ ಸಾಧ್ಯತೆ ಸ್ಪಷ್ಟವಾಗಿ ಇತ್ತು ಅಂತ ತೋರಿಸಬೇಕು. ಇದಕ್ಕೂ ಕಾರಣ ಇದೆ, ನಾನು ಅಲ್ಲಗಳೆಯುವುದಿಲ್ಲ. ಆಗಲೇ ಎದ್ದು ನಿಂತರೆ ನ್ಯಾಯಾಧೀಶರು ಅಲ್ಲೇ ಸರಿಮಾಡಬಹುದು. ಇಲ್ಲದಿದ್ದರೆ ವಕೀಲರು ಸುಮ್ಮನಿದ್ದು, ಸೋತರೆ ಆಮೇಲೆ ಇದನ್ನೇ ಹಿಡಿದುಕೊಳ್ಳಬಹುದು. ಆದರೆ ಜ್ಯೂರಿಯಲ್ಲಿ ಕೂತವಳಾಗಿ ಒಂದು ಮಾತು ಹೇಳುತ್ತೇನೆ. ಒಬ್ಬರು ಅಷ್ಟು ಚೆನ್ನಾಗಿ ಮಾತಾಡುತ್ತಿರುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಿದರೆ ನಮಗೆ ಸಿಟ್ಟು ಬರುತ್ತದೆ. ಅದು ವಕೀಲರಿಗೂ ಗೊತ್ತು. ಅದಕ್ಕೇ ಎಷ್ಟೋ ಜನ ಎದ್ದು ನಿಲ್ಲುವುದಿಲ್ಲ. ಇಲ್ಲಾ, ಆವತ್ತು ಕೆಮ್ಮು ಜಾಸ್ತಿಯಿತ್ತೋ.

ಕೊನೆಗೆ ಆ ಸಾಲು ಬಂತು. ವಕೀಲರ ಮಾತು ಸಾಕ್ಷ್ಯ ಅಲ್ಲ ಎಂದು ನ್ಯಾಯಾಧೀಶರು ಹೇಳಿದ್ದಾರೆ, ಜ್ಯೂರಿಯವರು ಆ ಸೂಚನೆಯನ್ನು ಪಾಲಿಸಿದ್ದಾರೆ ಎಂದೇ ಭಾವಿಸಬೇಕು. ಶಿಕ್ಷೆ ಕಾಯಂ.

ಜ್ಯೂರಿಯವರು ಅಂದರೆ ಯಾರು? ನಾನು. ನಾನು ಪಾಲಿಸಿರಲಿಲ್ಲ. ಪಾಲಿಸುವುದು ಹೋಗಲಿ, ಆ ಮಾತನ್ನು ಹೊತ್ತುಕೊಂಡು ಒಳಗೆ ಹೋಗಿ ಇನ್ನೂ ಇಬ್ಬರ ತಲೆಗೆ ಹಾಕಿದ್ದೆ. ಆ ಮಾತು ಜ್ಯೂರಿಯ ಮೇಲೆ ಪರಿಣಾಮ ಮಾಡಿತಾ ಇಲ್ಲವಾ ಅಂತ ಮೂವರು ವಿದ್ಯಾವಂತರು ಅಷ್ಟು ಪುಟ ಬರೆದಿದ್ದಾರೆ. ಉತ್ತರ ಗೊತ್ತಿದ್ದವಳು ಇಲ್ಲೇ ಅಡುಗೆಮನೆಯಲ್ಲಿ ಕೂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಕೇಳುವಂತೆಯೂ ಇಲ್ಲ, ಅದು ಆಮೇಲೆ ತಿಳಿಯಿತು. ತೀರ್ಪು ಕೊಟ್ಟ ಮೇಲೆ ಜ್ಯೂರಿಯವರ ಮನಸ್ಸಿನಲ್ಲಿ ಏನು ನಡೆಯಿತು ಎಂದು ಬಗೆಯುವುದನ್ನು ಅಮೆರಿಕದ ಕಾನೂನು ಬಹುಮಟ್ಟಿಗೆ ಮುಚ್ಚಿಬಿಟ್ಟಿದೆ. ಇಲ್ಲದಿದ್ದರೆ ಸೋತವರೆಲ್ಲ ಜ್ಯೂರಿಯವರ ಮನೆ ಬಾಗಿಲು ತಟ್ಟುತ್ತಾರೆ ಅಂತ. 2017ರಲ್ಲಿ ಕೊಲರಾಡೊದ ಒಂದು ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಕಿಂಡಿ ತೆರೆಯಿತು. ಜ್ಯೂರಿ ಕೋಣೆಯಲ್ಲಿ ಯಾರಾದರೂ ಆರೋಪಿಯ ಜನಾಂಗವನ್ನು ಹಿಡಿದು, ಅದಕ್ಕೇ ಇವನು ತಪ್ಪಿತಸ್ಥ ಅಂತ ಸ್ಪಷ್ಟವಾಗಿ ಆಡಿದ್ದರೆ ಅದನ್ನು ಹೊರಗೆ ತರಬಹುದು. ನನ್ನದು ಆ ಸಾಲಿಗೆ ಸೇರುವುದಿಲ್ಲ. ಅಪ್ಪನ ಪೆನ್ಷನ್ನಿಗೆ ಕಿಂಡಿ ಇಲ್ಲ.

ಆ ರಾತ್ರಿ ಊರಿಗೆ ಫೋನು ಮಾಡಿದೆ. ಅಲ್ಲಿ ಬೆಳಗ್ಗೆ. ಅಣ್ಣನಿಗೆ ಎಲ್ಲ ಹೇಳಿದೆ. ಅವನು ನಗಲು ಶುರು ಮಾಡಿದ. 'ಏನೇ, ಅಪ್ಪನ ಮಹಜರು ಮರೆತುಹೋಯ್ತಾ ನಿಂಗೆ? ಆ ಚಹಾ ಅಂಗಡಿಯವನು ಎಷ್ಟು ಮಹಜರಿಗೆ ಸಹಿ ಹಾಕಿದಾನೋ ಅವನಿಗೇ ಲೆಕ್ಕ ಇರ್ಲಿಲ್ಲ' ಎಂದ.

ಮರೆತಿರಲಿಲ್ಲ. ಕ್ವಾರ್ಟರ್ಸಿನ ಮಕ್ಕಳಿಗೆಲ್ಲ ಗೊತ್ತಿದ್ದ ತಮಾಷೆ ಅದು. ಕಳ್ಳಭಟ್ಟಿ ಇರಲಿ, ಗಾಂಜಾ ಇರಲಿ, ಕಳುವಿನ ಸೈಕಲ್ಲೇ ಇರಲಿ, ಮಾಲು ಸಿಕ್ಕಿದ್ದನ್ನು ಕಣ್ಣಾರೆ ಕಂಡೆವು ಅಂತ ಮಹಜರಿಗೆ ಸಹಿ ಹಾಕುವ ಪಂಚರು ಇಬ್ಬರೇ. ಒಬ್ಬ ಠಾಣೆಯ ಎದುರಿನ ಚಹಾ ಅಂಗಡಿಯವನು, ಇನ್ನೊಬ್ಬ ಲಾಡ್ಜಿನ ಹುಡುಗ. ಬಾರೋ, ಒಂದು ಸಹಿ ಹಾಕಿ ಹೋಗು ಅಂದರೆ ಟವೆಲ್ಲಿಗೆ ಕೈ ಒರೆಸಿಕೊಂಡು ಬಂದು ಹಾಕುತ್ತಿದ್ದರು. ಎಲ್ಲೋ ಕಾಡಿನಲ್ಲಿ ಸಿಕ್ಕಿದ ಮಾಲನ್ನು ಇವರು ಚಹಾ ಅಂಗಡಿಯಲ್ಲಿ ಕೂತೇ ನೋಡಿರುತ್ತಿದ್ದರು. ಅಪ್ಪ ಬುಟ್ಟಿ ವಾಪಸ್ ಕಳಿಸಿದವರೇ. ಲಂಚ ಮುಟ್ಟಿದವರಲ್ಲ. ಆದರೂ ಆ ಕಾಗದಗಳ ಕೆಳಗೆ ಅಪ್ಪನ ಸಹಿಯೂ ಇರುತ್ತಿತ್ತು. ಆಸಾಮಿ ಕಳ್ಳನೇ, ಕಾಗದ ಸರಿಯಾಗಿರಬೇಕಲ್ಲ ಅಷ್ಟೇ ಅನ್ನುತ್ತಿದ್ದರು. ಅದಕ್ಕಾಗಿ ಯಾರ ಪೆನ್ಷನ್ನೂ ಹೋಗಲಿಲ್ಲ. ಅಪ್ಪ ತೀರಿಕೊಳ್ಳುವವರೆಗೂ ತಿಂಗಳು ತಿಂಗಳು ಬಂತು.

ಈ ಎರಡೂ ಕಥೆ ನನ್ನ ಹತ್ತಿರ ಇದ್ದವು. ಜ್ಯೂರಿ ಕೋಣೆಗೆ ನಾನು ತೆಗೆದುಕೊಂಡು ಹೋದದ್ದು ಬುಟ್ಟಿಯ ಕಥೆಯನ್ನು ಮಾತ್ರ. ಯಾವ ಕಥೆ ಬೇಕು ಅಂತ ಆ ವಕೀಲರು ಆರಿಸಿಕೊಟ್ಟಿದ್ದರು. ಇಂಥ ಮಾತಿನ ಕೆಲಸವೇ ಅದು ಅಂತ ನನಗೆ ಅನ್ನಿಸುತ್ತದೆ. ನಮಗೆ ಹೊಸದೇನೂ ಹೇಳುವುದಿಲ್ಲ. ನಮ್ಮೊಳಗೆ ಇರುವುದರಲ್ಲೇ ಅವರಿಗೆ ಬೇಕಾದ್ದನ್ನು ಎಬ್ಬಿಸುತ್ತದೆ.

ಆಮೇಲೆ ಬಿಡುವಿದ್ದಾಗಲೆಲ್ಲ ಇಂಥ ತೀರ್ಪುಗಳನ್ನು ಓದಿದೆ. ಅಡಿಕೆ ಜಗಿಯುವ ಚಟದ ಹಾಗೆ ಹತ್ತಿಕೊಂಡಿತು. 1935ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟಿನ ಜಸ್ಟಿಸ್ ಸದರ್‌ಲ್ಯಾಂಡ್ ಅವರು ಸರ್ಕಾರಿ ವಕೀಲರು ಗಟ್ಟಿ ಏಟು ಕೊಡಲಿ, ಕಳ್ಳ ಏಟು ಕೊಡಬಾರದು ಎಂಬರ್ಥದಲ್ಲಿ ಬರೆದಿದ್ದಾರೆ. ಅವರ ಕೆಲಸ ಕೇಸು ಗೆಲ್ಲುವುದಲ್ಲ, ನ್ಯಾಯ ಆಗುವಂತೆ ನೋಡಿಕೊಳ್ಳುವುದು ಎಂದೂ ಇದೆ. 1991ರಲ್ಲಿ ಉತ್ತರ ಕೆಂಟಕಿಯ ಒಂದು ಡ್ರಗ್ಸ್ ಕೇಸು. ನಮ್ಮ ಕಡೆ ಇಂಥದ್ದು ಬೇಡ ಅಂತ ಈಕೆಗೂ ಈಕೆಯಂಥ ಎಲ್ಲ ಮಾರಾಟಗಾರರಿಗೂ ಹೇಳಿಬಿಡಿ ಎಂದು ಸರ್ಕಾರಿ ವಕೀಲರು ಜ್ಯೂರಿಯನ್ನು ಕೇಳಿಕೊಂಡಿದ್ದರು. ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಜ್ಯೂರಿ ಕೂತಿರುವುದು ಎದುರಿಗಿರುವ ಒಬ್ಬರು ಏನು ಮಾಡಿದರು ಅಂತ ತೀರ್ಮಾನಿಸಲು. ಊರಿನ ಡ್ರಗ್ಸ್ ಪಿಡುಗಿನ ಸಿಟ್ಟನ್ನೆಲ್ಲ ಆ ಒಬ್ಬರ ಮೇಲೆ ತೀರಿಸಿಕೊಳ್ಳಲು ಅಲ್ಲ. 2021ರಲ್ಲಿ ನಮ್ಮ ನ್ಯೂ ಜೆರ್ಸಿಯಲ್ಲೇ ಇನ್ನೊಂದು. ಅದು ಬ್ಯಾಂಕ್ ದರೋಡೆ ಕೇಸು, ಡ್ರಗ್ಸ್ ಅಲ್ಲ. ಸರ್ಕಾರಿ ವಕೀಲರು ಕೊನೆಯ ವಾದದಲ್ಲಿ ಹಳೆಯ ಭಯಾನಕ ಸಿನಿಮಾವೊಂದರ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಸಾಕ್ಷ್ಯದಲ್ಲಿ ಅದು ಇರಲೇ ಇಲ್ಲ. ಆ ಶಿಕ್ಷೆಯೂ ಹೋಯಿತು.

ಕೆಲವು ಹೋಗುತ್ತವೆ, ಕೆಲವು ಉಳಿಯುತ್ತವೆ. ನಮ್ಮ ಹುಡುಗನದು ಉಳಿಯಿತು.

ಹುಡುಗ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಪತ್ರ ಬರೆದ ಮಹನೀಯರು ಇದನ್ನು ಗಮನಿಸಬೇಕು. ಅವನು ಬಗ್ಗಿರಬಹುದು, ತಳ್ಳಿರಬಹುದು. ಇಂಥದ್ದೇ ಪುಡಿಯಿಂದ ನಮ್ಮ ಗಿರಾಕಿಯೊಬ್ಬರ ಮಗ ಹೋದ. ಆ ತಾಯಿಗೆ ಈಗ ನಾನೇ ನಿದ್ದೆ ಮಾತ್ರೆ ಎಣಿಸಿ ಕೊಡುತ್ತೇನೆ. ಡ್ರಗ್ಸ್ ಅಂದರೆ ನನಗೂ ಮೈ ಉರಿಯುತ್ತದೆ. ಮೈ ಉರಿಯುವುದರಿಂದಲೇ ಆ 'ನಿಮ್ಮ ಮಕ್ಕಳ ಬೀದಿ' ಅನ್ನುವ ಮಾತು ನಮ್ಮನ್ನು ಅಷ್ಟು ಸಲೀಸಾಗಿ ಹಿಡಿಯಿತು, ಅಲ್ವಾ?

ಈ ವಿಷಯದಲ್ಲಿ ನಮ್ಮ ದೇಶದ ಪದ್ಧತಿಯೇ ಮೇಲು ಅಂತ ನನಗೆ ಅನ್ನಿಸಿದ್ದುಂಟು. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಕೇಸಿನಲ್ಲಿ 1959ರಲ್ಲಿ ಬಾಂಬೆಯ ಜ್ಯೂರಿ 8ಕ್ಕೆ 1ರಂತೆ ನಿರ್ದೋಷಿ ಅಂದದ್ದು, ಹೈಕೋರ್ಟು ಅದನ್ನು ತಳ್ಳಿಹಾಕಿದ್ದು ಹಿರಿಯರಿಗೆ ನೆನಪಿರುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ನಮ್ಮಲ್ಲಿ ನ್ಯಾಯಾಧೀಶರು ತೀರ್ಪು ಕೊಟ್ಟರೆ ಯಾಕೆ ಅಂತ ಬರೆಯಲೇಬೇಕು. ಯಾರನ್ನು ನಂಬಿದೆ, ಯಾಕೆ ನಂಬಿದೆ, ವರದಿಯಲ್ಲಿ ಇಲ್ಲದ್ದನ್ನು ಹೇಗೆ ಒಪ್ಪಿದೆ. ಹೈಕೋರ್ಟು ಅದನ್ನು ಸಾಲು ಸಾಲಾಗಿ ಓದಿ ಇದು ಸರಿಯಿಲ್ಲ ಅನ್ನಬಹುದು. ನಾವು 12 ಜನ ಒಂದು ಸಾಲನ್ನೂ ಬರೆಯಲಿಲ್ಲ. ಒಂದೇ ಪದ ಹೇಳಿ ಮನೆಗೆ ಹೋದೆವು. ಕಾರಣ ಬರೆಯದ ತೀರ್ಪನ್ನು ಅಪೀಲಿನಲ್ಲಿ ಹೇಗೆ ಪರೀಕ್ಷೆ ಮಾಡುತ್ತಾರೆ? ಅದಕ್ಕೇ ಅವರು ನಮ್ಮ ಕಿವಿಗೆ ಬಿದ್ದ ಮಾತುಗಳನ್ನು ಪರೀಕ್ಷೆ ಮಾಡುತ್ತಾರೆ. ಬೇರೆ ದಾರಿ ಇಲ್ಲ. 'ಒಂದು ಮಾತು ಜಾಸ್ತಿ ಆಡಿದ್ದಕ್ಕೆ ಅಪೀಲು' ಅಂತ ಆ ಮಹನೀಯರಿಗೆ ತಮಾಷೆಯಾಗಿ ಕಂಡದ್ದರ ಹಿಂದಿನ ಕಥೆ ಇದು.

ಹಾಗಂತ ನಮ್ಮಲ್ಲಿ ಮೇಲ್ಮನವಿ ಬೇಡ ಅನ್ನುವುದಕ್ಕೆ ಆಗುವುದಿಲ್ಲ. ಮಾದಕ ವಸ್ತುಗಳ ವಿಷಯದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೆರಾಯಿನ್ 250 ಗ್ರಾಂ ದಾಟಿದರೆ ಕನಿಷ್ಠ ಶಿಕ್ಷೆಯೇ 10 ವರ್ಷ. ಮಾಲು ನಿನ್ನ ಹತ್ತಿರ ಇತ್ತು ಅಂತ ಸಾಬೀತಾದರೆ, ಅದು ನನಗೆ ಗೊತ್ತಿರಲಿಲ್ಲ ಅಂತ ತೋರಿಸುವ ಹೊಣೆ ಆರೋಪಿಯ ತಲೆಗೆ ಬರುತ್ತದೆ. ಶಿಕ್ಷೆ ಹೆಚ್ಚಾದಷ್ಟೂ ಕಾನೂನಿನ ಕಟ್ಟುಪಾಡನ್ನು ಹೆಚ್ಚು ಎಚ್ಚರದಿಂದ ಪಾಲಿಸಬೇಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಐವರ ಪೀಠ 1999ರಲ್ಲಿ ಪಂಜಾಬಿನ ಒಂದು ಕೇಸಿನಲ್ಲಿ ಹೇಳಿದೆ. ಅದೂ ಇದೇ ಕಾಯ್ದೆಯ ಕೆಳಗಿನ ಕೇಸು. ಆ ಎಚ್ಚರ ಕೆಳಗಿನ ಕೋರ್ಟಿನಲ್ಲಿ ತಪ್ಪಿದ್ದರೆ ಮೇಲಿನವರು ನೋಡದೆ ಇನ್ನು ಯಾರು ನೋಡುತ್ತಾರೆ? 2024ರ ಜುಲೈಯಿಂದ ಶೋಧ, ಜಪ್ತಿಗೆಲ್ಲ ವಿಡಿಯೊ ಮಾಡಬೇಕು, ಪಂಚರು ಸಹಿ ಹಾಕುವುದೂ ಅದರಲ್ಲಿ ಬರಬೇಕು ಅಂತ ಹೊಸ ಕಾನೂನು ಬಂದಿದೆ. ಅಣ್ಣ ಹೇಳಿದ. ಪಾಪ, ಚಹಾ ಅಂಗಡಿಯವನು ಈಗ ಇದ್ದಿದ್ದರೆ ಕ್ಯಾಮೆರಾ ಮುಂದೆ ಟವೆಲ್ಲು ಹೊದ್ದುಕೊಂಡು ನಿಲ್ಲಬೇಕಾಗಿತ್ತು.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಹೋದ ಚಳಿಗಾಲದಲ್ಲಿ ಬಸ್ಸಿನಾಕೆ ನಮ್ಮ ಅಂಗಡಿಗೆ ಬಂದಿದ್ದರು. ನನಗೆ ಗುರುತು ಹತ್ತಲಿಲ್ಲ, ತಲೆಗೆ ಉಣ್ಣೆ ಟೋಪಿ ಇತ್ತು. ಅವರೇ ನನ್ನನ್ನು ಗುರುತು ಹಿಡಿದರು. ಚಳಿ, ಮಂಡಿನೋವು ಅಂತ ಸ್ವಲ್ಪ ಮಾತಾಡಿದೆವು. ಆ ಅಧಿಕಾರಿಯ ಹೆಸರು ಅವರಿಗೂ ನೆನಪಿರಲಿಲ್ಲ, ನನಗೂ ನೆನಪಿರಲಿಲ್ಲ. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಚೀಟಿ ಕೈಗೆ ಕೊಡುತ್ತಾ ಅವರು ಕೇಳಿದರು:

'ನಿಮ್ಮ ತಂದೆ, ಆ ಪೊಲೀಸು, ಚೆನ್ನಾಗಿದ್ದಾರಾ?'

ತೀರಿಕೊಂಡರು ಎಂದೆ. ಅಯ್ಯೋ, ತುಂಬಾ ಒಳ್ಳೆಯವರು ಅಂತ ಹೇಳಿದ್ದಿರಿ ಎಂದರು. ಹೌದು ಎಂದೆ. ಚಹಾ ಅಂಗಡಿಯವನ ವಿಷಯ ಬಾಯಿ ತುದಿಗೆ ಬಂದಿತ್ತು, ಹೇಳಲಿಲ್ಲ. ಅವರ ಮಾತ್ರೆ 30. ಎಣಿಸುವಾಗ ಲೆಕ್ಕ ತಪ್ಪಿ, ಮೊದಲಿಂದ ಎಣಿಸಿದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ನ್ಯೂ ಜೆರ್ಸಿ
(ಹೆಸರು ಹಾಕಬೇಡಿ)